ಮುಲಾನ್ ನಿಜವಾಗಿಯೂ ಇದ್ದಳೇ?

ಪ್ರಶ್ನೆ: ಎಂಟನೆಯ ತರಗತಿಯಲ್ಲಿ ಓದುತ್ತಿರುವ ಮಗಳು ಮುಲಾನ್ ಸಿನಿಮಾ ನೋಡಿದಂದಿನಿಂದ, ‘ಇವಳು ನಿಜವಾಗಿಯೂ ಇದ್ದಳೇ?’ ಎಂದು ಕೇಳುತ್ತಿದ್ದಾಳೆ. ಹುಡುಕಿದರೆ ಒಂದೊಂದು ಕಡೆ ಒಂದೊಂದು ಕಥೆ ಸಿಗುತ್ತದೆ. ಚೀನಾದಲ್ಲಿ ಹೆಂಗಸರು ನಿಜಕ್ಕೂ ಯುದ್ಧಕ್ಕೆ ಹೋಗಿದ್ದರೇ? – ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮುಲಾನ್ ಇದ್ದಳೆನ್ನಲು ಚಾರಿತ್ರಿಕ ಆಧಾರವಿಲ್ಲ. ಇರುವುದು ಮುನ್ನೂರು ಚಿಲ್ಲರೆ ಅಕ್ಷರಗಳ ಒಂದು ಲಾವಣಿ. ಅದು ಉತ್ತರ ವೇಯ್ ಅರಸರ (386–535) ಕಾಲದ್ದೆಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಸೊಂಗ್ ರಾಜವಂಶದ ಕಾಲದ ಒಂದು ಸಂಕಲನದಿಂದಾಗಿ ಅದು ನಮಗೆ ಉಳಿದು ಬಂದಿದೆ. ನಿಮ್ಮ ಮಗಳಿಗೆ ಮೊದಲು ಈ ಲಾವಣಿಯ ಕಥೆಯನ್ನೇ ಹೇಳಿ ಎಂದು ಒತ್ತಾಯಿಸುತ್ತೇನೆ. ಸಿನಿಮಾಗಳಲ್ಲಿ ಕಾಣದ ಸಂಗತಿಗಳು ಅದರಲ್ಲಿವೆ.

ಲಾವಣಿ ಶುರುವಾಗುವುದು ಮಗ್ಗದ ಮುಂದೆ. ಮುಲಾನ್ ನೇಯುತ್ತಾ ನಿಟ್ಟುಸಿರು ಬಿಡುತ್ತಿದ್ದಾಳೆ. ಸೈನ್ಯಕ್ಕೆ ಕರೆದವರ ಹನ್ನೆರಡು ಸುರುಳಿಗಳಲ್ಲೂ ತಂದೆಯ ಹೆಸರಿದೆ, ಮನೆಯಲ್ಲಿ ದೊಡ್ಡ ಮಗನಿಲ್ಲ. ಅವಳು ಪೂರ್ವದ ಪೇಟೆಯಲ್ಲಿ ಕುದುರೆ, ಪಶ್ಚಿಮದಲ್ಲಿ ಜೀನು, ದಕ್ಷಿಣದಲ್ಲಿ ಕಡಿವಾಣ, ಉತ್ತರದಲ್ಲಿ ಚಾವಟಿ ಕೊಂಡು ಹೊರಡುತ್ತಾಳೆ. ವರ್ಷಗಟ್ಟಲೆ ನಡೆದ ಯುದ್ಧ ಕೆಲವೇ ಸಾಲುಗಳಲ್ಲಿ ಮುಗಿದುಹೋಗುತ್ತದೆ. ಕವಿಯ ಮನಸ್ಸಿರುವುದು ಮನೆಗೆ ಮರಳುವ ಭಾಗದಲ್ಲಿ. ಅರಸ ಪದವಿ ಕೊಡಲು ಮುಂದಾದರೆ, ಊರಿಗೆ ಹೋಗಲು ಒಂದು ಸವಾರಿ ಸಾಕು ಎನ್ನುತ್ತಾಳೆ. ಮುದಿ ತಂದೆತಾಯಿ ಪರಸ್ಪರ ಆತುಕೊಂಡು ಊರಾಚೆ ಬಂದು ಎದುರುಗೊಳ್ಳುತ್ತಾರೆ, ಅಕ್ಕ ಸಿಂಗರಿಸಿಕೊಳ್ಳುತ್ತಾಳೆ, ತಮ್ಮ ಹಂದಿ, ಕುರಿ ಕೊಯ್ಯಲು ಚಾಕು ಮಸೆಯುತ್ತಾನೆ. ಅವಳು ತನ್ನ ಕೋಣೆಗೆ ಹೋಗಿ ಹಳೆಯ ಉಡುಪು ತೊಟ್ಟು ಹೊರಬಂದಾಗಲೇ ಹನ್ನೆರಡು ವರ್ಷ ಜೊತೆಗಿದ್ದ ಸೈನಿಕರಿಗೆ ಅವಳು ಹೆಣ್ಣೆಂದು ತಿಳಿಯುವುದು. ಎರಡು ಮೊಲಗಳು ಅಕ್ಕಪಕ್ಕದಲ್ಲಿ ಓಡುವಾಗ ಗಂಡು ಯಾವುದು, ಹೆಣ್ಣು ಯಾವುದು ಎಂದು ಯಾರು ಹೇಳಬಲ್ಲರು ಎಂಬ ಪ್ರಶ್ನೆಯೊಂದಿಗೆ ಲಾವಣಿ ಮುಗಿಯುತ್ತದೆ. ಗುಟ್ಟು ರಟ್ಟಾಗಿ ಶಿಕ್ಷೆಯಾಗುವುದಿಲ್ಲ, ಪ್ರೇಮಕಥೆಯಿಲ್ಲ, ಅವಳನ್ನು ಯಾರೂ ಗದರಿಸುವುದೂ ಇಲ್ಲ. ನನ್ನ ಮಟ್ಟಿಗೆ ಇದರ ದೊಡ್ಡಸ್ತಿಕೆ ಇರುವುದೇ ಇಲ್ಲಿ.

ನಿಮಗೆ ಸಿಕ್ಕ ಬೇರೆ ಬೇರೆ ಕಥೆಗಳೆಲ್ಲ ಆಮೇಲಿನವು. ‘ಹುವಾ’ ಎಂಬ ಮನೆತನದ ಹೆಸರು ಬಂದದ್ದು 16ನೆಯ ಶತಮಾನದಲ್ಲಿ ಷು ವೇಯ್ ಬರೆದ ನಾಟಕದಿಂದ. ಅದರಲ್ಲಿ ಅವಳು, ಚಿಕ್ಕದಾಗಿಯೇ ಉಳಿಯಲೆಂದು ಬಟ್ಟೆಯಿಂದ ಬಿಗಿದು ಕಟ್ಟಿದ ಪಾದಗಳನ್ನು ಬಿಚ್ಚಿಕೊಂಡು ಯುದ್ಧಕ್ಕೆ ಹೋಗುತ್ತಾಳೆ, ಕೊನೆಯಲ್ಲಿ ಮದುವೆಯಾಗುತ್ತಾಳೆ. ಪಾದ ಕಟ್ಟುವ ಪದ್ಧತಿ ಲಾವಣಿಯ ಕಾಲದಲ್ಲಿ ಇರಲೇ ಇಲ್ಲ! 17ನೆಯ ಶತಮಾನದ ಕಾದಂಬರಿಯೊಂದರಲ್ಲಿ ಅರಸನ ಉಪಪತ್ನಿಯಾಗಲು ಒಲ್ಲದೆ ಪ್ರಾಣ ಕಳೆದುಕೊಳ್ಳುತ್ತಾಳೆ. ಸುತ್ತಲೂ ಜಪಾನಿ ಸೈನ್ಯವಿದ್ದ ಶಾಂಘೈಯಲ್ಲಿ 1939ರಲ್ಲಿ ತೆರೆಗೆ ಬಂದ ಮುಲಾನ್, ಗಡಿ ದಾಟಿ ಬಂದ ಶತ್ರುವಿನ ವಿರುದ್ಧ ಕಾದಾಡುವಾಗ ಆ ಶತ್ರು ಯಾರೆಂದು ಪ್ರೇಕ್ಷಕರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಇನ್ನು ನಿಜವಾಗಿ ಯುದ್ಧಕ್ಕೆ ಹೋದವರು. 1976ರಲ್ಲಿ ಆನ್‌ಯಾಂಗ್‌ನಲ್ಲಿ ಪುರಾತತ್ವಜ್ಞರು ಅಗೆದ ಸಮಾಧಿ, ಸುಮಾರು 3200 ವರ್ಷಗಳ ಹಿಂದಿನ ಶಾಂಗ್ ರಾಜವಂಶದ ದೊರೆ ವೂ ಡಿಂಗ್‌ನ ರಾಣಿ ಫೂ ಹಾವ್‌ಳದು. ಅವಳ ಹೆಸರು ಕೆತ್ತಿದ ಭಾರಿ ಕಂಚಿನ ಕೊಡಲಿಗಳು ಅಲ್ಲಿ ದೊರೆತವು. ಶಕುನ ಕೇಳಲು ಬಳಸುತ್ತಿದ್ದ ಮೂಳೆಗಳ ಮೇಲಿನ ಒಂದು ಬರಹ, ಅವಳೊಂದಿಗೆ 13,000 ಸೈನಿಕರ ದಂಡಯಾತ್ರೆಯ ಮಾತೆತ್ತುತ್ತದೆ. ಮಿಂಗ್ ಕಾಲದ ಛಿನ್ ಲಿಯಾಂಗ್‌ಯೂ (1574–1648), ಗಂಡ ಸೆರೆಯಲ್ಲಿ ಸತ್ತ ಮೇಲೆ ಅವನ ಅಧಿಕಾರ ವಹಿಸಿಕೊಂಡು ಸಿಚುವಾನ್‌ನಿಂದ ಉತ್ತರದ ಗಡಿಯವರೆಗೆ ಸೈನ್ಯ ನಡೆಸಿದಳು. ಮಿಂಗ್ ರಾಜವಂಶದ ಅಧಿಕೃತ ಇತಿಹಾಸ ಗ್ರಂಥದಲ್ಲಿ ಅವಳ ಚರಿತ್ರೆ ಇರುವುದು ಪತಿವ್ರತೆಯರ ಅಧ್ಯಾಯದಲ್ಲಲ್ಲ, ಸೇನಾಪತಿಗಳ ಸಾಲಿನಲ್ಲಿ. ಮಗಳು ಗೋಡೆಗೆ ಚಿತ್ರ ಅಂಟಿಸುವುದಾದರೆ ಇವಳದನ್ನೂ ಅಂಟಿಸಲಿ.

ಪ್ರಶ್ನೆ: ಹಳೆಯ ಹಾಂಗ್‌ಕಾಂಗ್ ಕತ್ತಿವರಸೆ ಚಿತ್ರಗಳಲ್ಲಿ ಇಷ್ಟೊಂದು ಹೋರಾಟಗಾರ್ತಿಯರು ಎಲ್ಲಿಂದ ಬಂದರು? ಯಾವುದರಿಂದ ನೋಡಲು ಶುರು ಮಾಡಲಿ? – ಓದುಗರೊಬ್ಬರು, ಮೈಸೂರು

ಉತ್ತರ: ರಂಗಭೂಮಿಯಿಂದ. ಚೀನೀ ಸಂಗೀತ ನಾಟಕದಲ್ಲಿ ಕತ್ತಿ, ಭರ್ಜಿ ತಿರುಗಿಸುತ್ತಾ ಲಾಗ ಹಾಕುವ ವೀರ ಸ್ತ್ರೀಪಾತ್ರಕ್ಕೆ ಪ್ರತ್ಯೇಕ ತರಬೇತಿಯೇ ಉಂಟು. ಬಹುಕಾಲ ಈ ಪಾತ್ರಗಳನ್ನೂ ಗಂಡಸರೇ ಮಾಡುತ್ತಿದ್ದರು. 1920ರ ದಶಕದ ಕೊನೆಗೆ ಶಾಂಘೈಯ ಮೂಕಿ ಚಿತ್ರಗಳಲ್ಲಿ ನಟಿಯರೇ ಕತ್ತಿ ಹಿಡಿದರು. ಮೂಢನಂಬಿಕೆ ಹಬ್ಬಿಸುತ್ತವೆ ಎಂದು ಸರ್ಕಾರ 1930ರ ದಶಕದ ಆರಂಭದಲ್ಲಿ ಅಂಥ ಚಿತ್ರಗಳನ್ನು ನಿಷೇಧಿಸಿತು. ಆ ಪರಂಪರೆ ಮುಂದೆ ಹಾಂಗ್‌ಕಾಂಗ್‌ನಲ್ಲಿ ಬೆಳೆಯಿತು.

1966ರ ‘ಕಮ್ ಡ್ರಿಂಕ್ ವಿತ್ ಮಿ’ಯಿಂದ ಶುರು ಮಾಡಿ. ನೃತ್ಯ ಕಲಿತಿದ್ದ ಚೆಂಗ್ ಪೇಯ್-ಪೇಯ್ ಅವರನ್ನು ನಿರ್ದೇಶಕ ಕಿಂಗ್ ಹೂ ನಾಯಕಿಯಾಗಿಸಿದರು. ಛತ್ರದ ದೃಶ್ಯದಲ್ಲಿ ಅವರು ಸುಮ್ಮನೆ ಕುಳಿತಿರುವ ರೀತಿಯನ್ನು ಗಮನಿಸಿ. ಸುತ್ತಲಿನ ಗಂಡಸರು ಅಳುಕುವುದು ಆ ಕುಳಿತ ಭಂಗಿಗೇ. ಆಮೇಲೆ 2000ದ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ ನೋಡಿ. ಅದರ ಖಳನಾಯಕಿ ಜೇಡ್ ಫಾಕ್ಸ್ ಕೂಡ ಅದೇ ಚೆಂಗ್ ಪೇಯ್-ಪೇಯ್. ಗುರು ತನ್ನನ್ನು ಹಾಸಿಗೆಗೆ ಕರೆದನೇ ಹೊರತು ವಿದ್ಯೆ ಕಲಿಸಲಿಲ್ಲ ಎಂಬ ಕ್ರೋಧ ಅವಳದು. ಅವನನ್ನು ಕೊಂದು ಗ್ರಂಥ ಕದ್ದರೂ ಅದರ ಬರಹ ಓದಲು ಅವಳಿಗೆ ಬಾರದು, ಚಿತ್ರಗಳನ್ನಷ್ಟೇ ನೋಡಿ ಕಲಿಯುತ್ತಾಳೆ. ಓದು ಬಲ್ಲ ಶಿಷ್ಯೆ ಅವಳನ್ನು ಮೀರಿ ಕಲಿತು, ಕಲಿತದ್ದನ್ನು ಅವಳಿಂದಲೇ ಮುಚ್ಚಿಡುತ್ತಾಳೆ. ಗಾಳಿಯಲ್ಲಿ ಹಾರುವ ಹೋರಾಟಗಳಿಗಿಂತ ಈ ಗುರುಶಿಷ್ಯೆಯರ ಕಥೆಯ ಕಡೆಗೆ ಹೆಚ್ಚು ಗಮನ ಕೊಡಿ.