ಬಾಯಿ ಒತ್ತಿ ಹಿಡಿದದ್ದು ಎಲ್ಲಿ ಹೋಯಿತು?

ಕಾಸರಗೋಡಿನ ಬದಿಯಡ್ಕದ ಓದುಗರೊಬ್ಬರ ಪತ್ರ: "ನೀವು ಹೊಗಳಿದಿರೆಂದು ಕೊರಿಯಾದ 'ಮೆಮೊರೀಸ್ ಆಫ್ ಮರ್ಡರ್' ನೋಡಿದೆ. ಎರಡು ಗಂಟೆ ಕೂತರೂ ಕೊಲೆಗಾರ ಸಿಗಲಿಲ್ಲ. ಸಿಕ್ಕಿದಲ್ಲೇ ಗುಂಡಿಕ್ಕುವ ಪೊಲೀಸರ ಸಿನಿಮಾವೇ ಮೇಲು. ಕೋರ್ಟಿನ ದಾರಿ ಕಾದವರಿಗೆ ಏನು ಸಿಕ್ಕಿದೆ?"

ನಿಮ್ಮ ಸಿಟ್ಟು ಸುಳ್ಳಲ್ಲ. ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ವಾಚಾತಿ ಎಂಬ ಹಳ್ಳಿಗೆ 1992ರ ಜೂನ್ 20ರಂದು ಅರಣ್ಯ, ಪೊಲೀಸ್, ಕಂದಾಯ ಸಿಬ್ಬಂದಿ ನುಗ್ಗಿ ನಡೆಸಿದ ದೌರ್ಜನ್ಯಕ್ಕೆ ತೀರ್ಪು ಬಂದದ್ದು 2011ರಲ್ಲಿ. 269 ಆರೋಪಿಗಳಲ್ಲಿ 54 ಮಂದಿ ಅಷ್ಟರಲ್ಲಿ ಸತ್ತೇ ಹೋಗಿದ್ದರು.

ಆದರೆ ಸ್ವಾಮೀ, ಗುಂಡು ಯಾರಿಗೆ? ಸಿನಿಮಾ ಬಂದದ್ದು 2003ರಲ್ಲಿ, ಅದರ ಕತೆಗೆ ಮೂಲವಾದ ಹ್ವಾಸಾಂಗ್‌ನ ಸರಣಿ ಕೊಲೆಗಳ ನಿಜವಾದ ಹಂತಕ ಡಿಎನ್‌ಎಯಿಂದ ಪತ್ತೆಯಾದದ್ದು 2019ರಲ್ಲಿ. ಆ ಸರಣಿಯ ಒಂದು ಕೊಲೆಗೆ ಇನ್ನೊಬ್ಬ ಸುಮಾರು 20 ವರ್ಷ ಜೈಲಿನಲ್ಲಿದ್ದ. ಅವನು ನಿರಪರಾಧಿ ಎಂದು ಕೋರ್ಟು ಹೇಳಿದ್ದು 2020ರಲ್ಲಿ.

ಚಿತ್ರದಲ್ಲಿ ಬುದ್ಧಿ ಬೆಳೆಯದ ಹುಡುಗನೊಬ್ಬನನ್ನು ಪೊಲೀಸರು ಬಡಿದು ಬಾಯಿ ಬಿಡಿಸುತ್ತಾರಲ್ಲ, ಅವನು ಹೇಳುತ್ತಿದ್ದದ್ದು ತಪ್ಪೊಪ್ಪಿಗೆಯಲ್ಲ, ಕಣ್ಣಾರೆ ಕಂಡದ್ದು. ಅದು ಅವರಿಗೆ ಹೊಳೆಯುವಾಗ ಹೊತ್ತು ಮೀರಿರುತ್ತದೆ. ನ್ಯಾಯ ತಡವಾಗುವುದು ಕೋರ್ಟಿನಲ್ಲಿ ಅಂತ ನಾವು ತಿಳಿದಿದ್ದೇವೆ. ಹೇಳಿಕೆ ಬರೆದುಕೊಳ್ಳುವ ಮೇಜಿನಲ್ಲೇ ಅದು ಅರ್ಧ ಕೆಟ್ಟಿರುತ್ತದೆ.

ನೆರೆಮನೆಯ ಅಕ್ಕನ ಮನೆಗೆ ಕಳ್ಳ ನುಗ್ಗಿದಾಗ ಠಾಣೆಗೆ ಜೊತೆಗೆ ಹೋದವನು ನಾನು. ಅರ್ಧ ಗಂಟೆ ಹೇಳಿದರು, ನಡುನಡುವೆ ತುಳು. ಮಾತಿನ ಮಧ್ಯೆ ಸೆರಗಿನಿಂದ ತುಟಿ ಒರಸುತ್ತಲೇ ಇದ್ದರು. ಬರೆದದ್ದು, ಓದಿ ಹೇಳಿದ್ದು ಮಲಯಾಳದಲ್ಲಿ. ಅಕ್ಕ ತಲೆಯಾಡಿಸಿ ಸಹಿ ಹಾಕಿದರು. ಅದರಲ್ಲಿ ಮೂರೂವರೆ ಪವನಿನ ಸರ ಇತ್ತು, ಹಿಂಬಾಗಿಲ ಚಿಲಕ ಇತ್ತು. ಕಳ್ಳ ಬಾಯಿ ಒತ್ತಿ ಹಿಡಿದು ಉಸಿರು ಕಟ್ಟಿಸಿದ್ದು ಇರಲಿಲ್ಲ. ನಾಲ್ಕು ವರ್ಷದ ಬಳಿಕ ಕೋರ್ಟಿನಲ್ಲಿ ಅದನ್ನು ಹೇಳಿದರೆ ಎದುರು ವಕೀಲರು, "ಅಂದು ಹೇಳಿಲ್ಲವಲ್ಲ, ಈಗ ಕಟ್ಟಿ ಹೇಳುತ್ತೀರಾ?" ಅಂದರು. ಅಕ್ಕ ಮತ್ತೆ ಬಾಯಿ ತೆರೆಯಲಿಲ್ಲ.

ಕೋರ್ಟಿನಲ್ಲಿ ಸಾಕ್ಷಿ ಬೇರೆ ಭಾಷೆಯಲ್ಲಿ ನುಡಿದರೆ ಸಾಧ್ಯವಿದ್ದಲ್ಲಿ ಅದೇ ಭಾಷೆಯಲ್ಲಿ ದಾಖಲಿಸಬಹುದು ಎನ್ನುತ್ತದೆ ಕಾನೂನು. ಆ "ಸಾಧ್ಯವಿದ್ದಲ್ಲಿ" ಎಂಬುದರಲ್ಲೇ ಗಡಿನಾಡಿನವರ ಬದುಕು ಸಿಕ್ಕಿಕೊಂಡಿದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಾವು ಶಾಲೆಗೆ, ಬೋರ್ಡಿಗೆ, ಅರ್ಜಿ ನಮೂನೆಗೆ ಕನ್ನಡ ಕೇಳುತ್ತಿದ್ದೇವೆ. ಕೇಳಬೇಕಾದದ್ದೇ. ಆದರೆ ನಡುಗುತ್ತಾ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿಗೆ ಕನ್ನಡ ಬರೆಯಬಲ್ಲ ಒಬ್ಬರು ಬೇಕೆಂದು ಯಾವ ಸಮ್ಮೇಳನದಲ್ಲಿ ನಿರ್ಣಯ ಮಾಡಿದ್ದೇವೆ, ಹೇಳಿ?

ನೀವು ಚೆನ್ನಾಗಿ ಬರೆಯುತ್ತೀರಿ, ಅವಸರದಲ್ಲಿ ನೋಡುತ್ತೀರಿ. ಆ ಹುಡುಗ ಮಾತಾಡುವ ದೃಶ್ಯವನ್ನಷ್ಟೇ ಇನ್ನೊಮ್ಮೆ ನೋಡಿ ಬರೆಯಿರಿ. ಖಂಡಿತ ಪ್ರಕಟಿಸುತ್ತೇನೆ.

– ಸಂ.