ಕೆಂಡ ಮತ್ತು ಕರುಳು

ಓದುಗರ ಪತ್ರ: ಒಂದು ಭಾನುವಾರ ಪಾಸ್ಟರ್ ಉಜ್ಜನ ಕಥೆ ಹೇಳಿದರು. ದೇವರ ಮಂಜೂಷ, ಅಂದರೆ ದೇವರ ಸಾನ್ನಿಧ್ಯದ ಗುರುತಾದ ಪವಿತ್ರ ಪೆಟ್ಟಿಗೆ, ಬಂಡಿಯಿಂದ ಬೀಳದಿರಲಿ ಅಂತ ಕೈ ಹಾಕಿದವನು ಅಲ್ಲೇ ಸತ್ತ. ಮುಂದಿನ ಭಾನುವಾರ, ದೇವರು ತಾಯಿಯ ಹಾಗೆ ಅಂದರು. ನನ್ನ ಮನಸ್ಸಿನಲ್ಲಿ ಉಳಿದದ್ದು ಮೊದಲನೆಯದೇ. ಎರಡು ವರ್ಷದಿಂದ ಚರ್ಚಿನಲ್ಲಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡಿಲ್ಲ. ನನ್ನಂಥವಳು ಹೇಗೆ ಮುಟ್ಟಲಿ? ದೇವರ ಪರಿಶುದ್ಧತೆಗೂ ಮಮತೆಗೂ ಹೇಗೆ ಹೊಂದಿಕೆಯಾಗುತ್ತದೆ?
– ಓದುಗರೊಬ್ಬರು, ಹಾಸನ

ಸಂಪಾದಕರ ಉತ್ತರ:

ಪ್ರಿಯ ಸಹೋದರಿ, ನಿಮ್ಮ ಕೊನೆಯ ಪ್ರಶ್ನೆ ದೊಡ್ಡದು. ಆದರೆ ನಾನು ಓದುತ್ತಾ ನಿಂತುಬಿಟ್ಟದ್ದು ಅದರ ಹಿಂದಿನ ಸಾಲಿನಲ್ಲಿ. 'ಹೇಗೆ ಮುಟ್ಟಲಿ?'

ನಮ್ಮ ಕಡೆ 'ಪರಿಶುದ್ಧ' ಅಂದ ಕೂಡಲೇ ಮಡಿ ನೆನಪಾಗುತ್ತದೆ. ಮಡಿಯಲ್ಲಿದ್ದವರನ್ನು ಮುಟ್ಟಬಾರದು, ಮುಟ್ಟಿದರೆ ಅವರ ಮಡಿ ಕೆಡುತ್ತದೆ. ಮೂರು ತಲೆಮಾರಿನಿಂದ ಚರ್ಚಿಗೆ ಹೋಗುವ ಮನೆಗಳಲ್ಲೂ ಈ ಭಯ ಮೂಲೆಯಲ್ಲಿ ಸುಮ್ನೆ ಕೂತಿರುತ್ತದೆ. ಇಸ್ರಾಯೇಲರಿಗೂ ಇದು ಹೊಸದಲ್ಲ. ಪ್ರವಾದಿ ಹಗ್ಗಾಯನ ಪುಸ್ತಕದ 2ನೇ ಅಧ್ಯಾಯದಲ್ಲಿ ಯಾಜಕರನ್ನು ಕೇಳುತ್ತಾರೆ: ಸೆರಗಿನಲ್ಲಿ ಪವಿತ್ರ ಮಾಂಸವಿದೆ, ಆ ಸೆರಗು ರೊಟ್ಟಿಗೆ ತಗುಲಿತು, ರೊಟ್ಟಿ ಪವಿತ್ರವಾಯಿತೇ? ಇಲ್ಲ. ಹೆಣ ಮುಟ್ಟಿದವನು ತಗುಲಿದರೆ? ಮೈಲಿಗೆ. ಅಂದರೆ ಮೈಲಿಗೆ ಅಂಟುತ್ತದೆ, ಪಾವಿತ್ರ್ಯ ಅಂಟುವುದಿಲ್ಲ.

ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ಮಾರ್ಕನ ಸುವಾರ್ತೆಯ 1ನೇ ಅಧ್ಯಾಯಕ್ಕೆ ಬನ್ನಿ. ಕುಷ್ಠರೋಗಿಯೊಬ್ಬ ಯೇಸುವಿನ ಮುಂದೆ ಮೊಣಕಾಲೂರುತ್ತಾನೆ. ಹಳೆಯ ಒಡಂಬಡಿಕೆಯ ನಿಯಮಗಳ ಪುಸ್ತಕವಾದ ಯಾಜಕಕಾಂಡದ ಪ್ರಕಾರ ಅವನು 'ಅಶುದ್ಧ, ಅಶುದ್ಧ' ಎಂದು ಕೂಗಿಕೊಳ್ಳುತ್ತಾ ಪಾಳೆಯದ ಹೊರಗೆ ಒಂಟಿಯಾಗಿ ಇರಬೇಕಾದವನು. ಯೇಸು ಮಾತಿನಲ್ಲೇ ವಾಸಿಮಾಡಬಹುದಿತ್ತು. ರೋಮನ್ ಸೇನೆಯ ಶತಾಧಿಪತಿಯ ಆಳನ್ನು ನೋಡದೆಯೇ ವಾಸಿಮಾಡಿದವನಲ್ವಾ? ಇಲ್ಲಿ ಹಾಗೆ ಮಾಡಲಿಲ್ಲ. ಮೊದಲು ಕೈ ಚಾಚಿ ಮುಟ್ಟಿದನು. ಅವನಿನ್ನೂ ರೋಗಿಯಾಗಿದ್ದಾಗಲೇ. ನಮ್ಮ ಬೈಬಲಿನಲ್ಲಿ 'ಕನಿಕರಪಟ್ಟು' ಅಂತಿದೆ. ಆ ಗ್ರೀಕ್ ಮಾತಿನ ಬೇರು ಹೊಟ್ಟೆಯೊಳಗಿನ ಕರುಳು. 'ಕರುಳು ಚುರುಕ್ ಅಂತು' ಅನ್ನುತ್ತೇವಲ್ಲ, ಅದೇ. ಇದಕ್ಕೆ ಕನ್ನಡಕ್ಕಿಂತ ಹತ್ತಿರದ ಮಾತು ಬೇರೆ ಎಲ್ಲಿ ಸಿಕ್ಕೀತು! ಅಲ್ಲಿ ಹಗ್ಗಾಯನ ಲೆಕ್ಕ ತಿರುಗುಮುರುಗಾಯಿತು. ಮೈಲಿಗೆ ಯೇಸುವಿಗೆ ಅಂಟಲಿಲ್ಲ, ಶುದ್ಧಿ ರೋಗಿಗೆ ಅಂಟಿತು.

ಇದು ಹೊಸ ಒಡಂಬಡಿಕೆಯ ದೇವರ ಮಾತು, ಹಳೆಯದರಲ್ಲಿ ಬೇರೆ ಅಂತೀರೇನೋ. ಹಳೆಯ ಒಡಂಬಡಿಕೆಯ ಪ್ರವಾದಿ ಯೆಶಾಯನನ್ನು ನೋಡಿ. ಅರಸ ಉಜ್ಜೀಯ ಸತ್ತ ವರ್ಷ ಅವನಿಗೆ ದರ್ಶನವಾಯಿತು. ದೇವರ ಸಿಂಹಾಸನದ ಬಳಿಯ ದೂತರಾದ ಸೆರಾಫಿಯರೇ ಮುಖ ಮುಚ್ಚಿಕೊಂಡು 'ಪರಿಶುದ್ಧನು' ಎಂದು ಮೂರು ಸಲ ಕೂಗುತ್ತಿದ್ದಾರೆ. ಬಾಗಿಲ ನೆಲೆಗಟ್ಟು ಅಲುಗುತ್ತಿದೆ, ಆಲಯದ ತುಂಬ ಹೊಗೆ. 'ಅಯ್ಯೋ, ನಾನು ಕೆಟ್ಟೆ, ನನ್ನ ತುಟಿ ಹೊಲಸು' ಅಂದ ಯೆಶಾಯ. ನಿಮ್ಮ ಪತ್ರದ ಧಾಟಿಯೂ ಇದೇ. ಆಗ ಒಬ್ಬ ಸೆರಾಫಿ ಯಜ್ಞವೇದಿಯಿಂದ ಕೆಂಡವನ್ನು ಇಕ್ಕಳದಲ್ಲಿ ಹಿಡಿದು ತಂದ. ಹೊಲಸು ಅಂದ ಅದೇ ತುಟಿಗೆ ತಾಗಿಸಿದ. ಯೆಶಾಯ ಸುಟ್ಟು ಬೂದಿಯಾಗಲಿಲ್ಲ. ಪಾಪ ಹೋಯಿತು, ಅವನು ಉಳಿದ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಪ್ರವಾದಿ ಹೋಶೇಯನ ಪುಸ್ತಕದ 11ನೇ ಅಧ್ಯಾಯ. ಎಫ್ರಾಯೀಮಿಗೆ, ಅಂದರೆ ತನ್ನ ಜನ ಇಸ್ರಾಯೇಲಿಗೆ, ಕೈಹಿಡಿದು ನಡೆ ಕಲಿಸಿದೆ, ಬಗ್ಗಿ ಉಣ್ಣಿಸಿದೆ ಅನ್ನುತ್ತಾನೆ ದೇವರು. ಮಗು ಬೆಳೆದು ಬೆನ್ನು ತಿರುಗಿಸಿದೆ. ಕೋಪವೂ ಬಂದಿದೆ. ಆದರೂ ನಿನ್ನನ್ನು ಹೇಗೆ ಬಿಟ್ಟುಕೊಡಲಿ ಎಂದು ಒದ್ದಾಡುತ್ತಾನೆ. ಕೊನೆಗೆ ನಾಶಮಾಡೆನು ಅನ್ನುತ್ತಾನೆ. ಕಾರಣ? ನಾನು ಮನುಷ್ಯನಲ್ಲ, ದೇವರು, ನಿನ್ನ ನಡುವೆ ಇರುವ ಪರಿಶುದ್ಧನು! ನಾವು 'ಪರಿಶುದ್ಧನಾದರೂ ಕರುಣಿಸುತ್ತಾನೆ' ಅಂತ ಓದಿಕೊಂಡು ಬಂದಿದ್ದೇವೆ. ಹೋಶೇಯ ಹೇಳುವುದು 'ಪರಿಶುದ್ಧನಾದ್ದರಿಂದ' ಅಂತ. ಹಗೆ ಇಟ್ಟುಕೊಳ್ಳುವುದು ಮನುಷ್ಯರ ಬುದ್ಧಿ. ಆತ ನಮ್ಮ ಹಾಗಿಲ್ಲ. ಆ ಬೇರೆತನವೇ ಪರಿಶುದ್ಧತೆ.

ಹಾಗಾದರೆ ಉಜ್ಜ? ಆ ಕಥೆ ನನಗೂ ಗಂಟಲಲ್ಲಿ ಸಿಕ್ಕ ಮುಳ್ಳೇ. ಮಂಜೂಷವನ್ನು ದೇವರ ಸೇವೆಗೆ ನೇಮಕವಾದ ಲೇವಿಯರು ಕೋಲು ಹಾಕಿ ಹೆಗಲ ಮೇಲೆ ಹೊರಬೇಕಿತ್ತು, ಬಂಡಿಗೆ ಹಾಕಿದ್ದೇ ತಪ್ಪು ಎನ್ನಬಹುದು. ಅಷ್ಟಕ್ಕೇ ಮುಳ್ಳು ಇಳಿಯುವುದಿಲ್ಲ. ಮಂಜೂಷ ತರಿಸುತ್ತಿದ್ದ ಅರಸ ದಾವೀದನಿಗೇ ಸಿಟ್ಟು ಬಂತು, ಆಮೇಲೆ ಹೆದರಿಕೆ. ಆದರೆ ಕಥೆಯನ್ನು ಅಲ್ಲಿಗೇ ನಿಲ್ಲಿಸಬೇಡಿ. ಅದೇ ಮಂಜೂಷ ಮೂರು ತಿಂಗಳು ಓಬೇದೆದೋಮ ಎಂಬವನ ಮನೆಯಲ್ಲಿತ್ತು, ಅವನ ಮನೆಯೆಲ್ಲ ಆಶೀರ್ವಾದ ಹೊಂದಿತು. ಪರಿಶುದ್ಧನಾದ ದೇವರ ಹತ್ತಿರ ಹುಡುಗಾಟ ನಡೆಯುವುದಿಲ್ಲ, ನಿಜ. ಆದರೆ ನಿಮ್ಮ ತೊಂದರೆ ಹುಡುಗಾಟದ್ದಲ್ಲ.

ಮುಟ್ಟುವ ಮಾತು ಬಂತಲ್ಲ, ಒಂದು ನೆನಪು. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಹೋಮಿಯೋಪಥಿ ಔಷಧ ಕೊಡಲು ಶುರುಮಾಡಿದರು. ಹತ್ತು ವರ್ಷದ ಮೇಲೆ ಅಲ್ಲೇ ಕುಷ್ಠರೋಗಿಗಳಿಗೂ ಜಾಗ ಮಾಡಿದರು. ಮಾರ್ಕನ ಆ ಅಧ್ಯಾಯ ಓದುವಾಗ ನನಗೆ ಕಂಕನಾಡಿ ಕಣ್ಣಮುಂದೆ ಬರುತ್ತದೆ.

ಈಗ ಭೋಜನದ ಮಾತು. 'ಅಯೋಗ್ಯವಾಗಿ' ತಿನ್ನಬಾರದು ಅನ್ನುವ, ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಮಾತು ನಿಮ್ಮನ್ನು ಹೆದರಿಸಿದೆ ಅಂತ ಕಾಣುತ್ತದೆ. ಆ ಪತ್ರದ 11ನೇ ಅಧ್ಯಾಯವನ್ನು ಸ್ವಲ್ಪ ಮೇಲಿನಿಂದ ಓದಿ. ಉಳ್ಳವರು ಮೊದಲೇ ತಿಂದು ಕುಡಿದು ಅಮಲೇರಿದ್ದಾರೆ, ಇಲ್ಲದವರು ಹಸಿದು ಕೂತಿದ್ದಾರೆ. ಪೌಲ ಸಿಟ್ಟಾದದ್ದು ಅದಕ್ಕೆ. 'ಅಯೋಗ್ಯವಾಗಿ' ಅಂದದ್ದು ತಿನ್ನುವ ರೀತಿಗೆ. ನೊಂದ ಮನಸ್ಸಿನವರು ಬರಬಾರದು ಅಂತ ಅವನೆಲ್ಲೂ ಬರೆದಿಲ್ಲ. ತನ್ನನ್ನು ಪರೀಕ್ಷಿಸಿಕೊಳ್ಳಲಿ ಅಂದವನು ಅದೇ ಉಸಿರಿನಲ್ಲಿ, ಆಮೇಲೆ ತಿನ್ನಲಿ ಅಂದಿದ್ದಾನೆ. ಪರೀಕ್ಷೆ ನೀವು ಎರಡು ವರ್ಷ ಮಾಡಿಕೊಂಡಿದ್ದೀರಿ.

ಬರುವ ಭೋಜನದ ಭಾನುವಾರ ಹೋಗಿ. ಹಿಂದಿನ ಬೆಂಚಿನಲ್ಲೇ ಕೂತರೂ ಪರವಾಗಿಲ್ಲ. ರೊಟ್ಟಿ ಕೈಗೆ ಬಂದಾಗ ಕೈ ನಡುಗಿದರೆ ನಡುಗಲಿ. ಆಮೇಲೆ ನಮಗೊಂದು ಸಾಲು ಬರೆಯಿರಿ.