ಗಣಿತ ಪ್ರಶ್ನೋತ್ತರ: 641 ಆಯ್ಲರ್‌ಗೆ ಸಿಕ್ಕಿದ್ದು ಹೇಗೆ?

ಪ್ರಶ್ನೆ: 4294967297 ಅವಿಭಾಜ್ಯ ಎಂದು 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದರು, 1732ರಲ್ಲಿ ಗಣಿತಜ್ಞ ಆಯ್ಲರ್ ಅದನ್ನು 641ರಿಂದ ಭಾಗಿಸಿ ತೋರಿಸಿದರು ಎಂದು ಓದಿದೆ. ಕ್ಯಾಲ್ಕುಲೇಟರ್ ಇಲ್ಲದೆ 641 ಹೊಳೆದದ್ದಾದರೂ ಹೇಗೆ? ನಾನು ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದರೆ ಈ ಸಂಖ್ಯೆಯ ಜಾಗದಲ್ಲಿ 1 ಬರುತ್ತಿದೆ. ಯಾಕೆ?
– ಪಿಯುಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ಪ್ರೋಗ್ರಾಂ ವಿಷಯ ಮೊದಲು ಮುಗಿಸೋಣ. ನೀವು ಬಳಸಿರುವುದು 32 ಬಿಟ್‌ನ ಅನ್‌ಸೈನ್ಡ್ ಇಂಟ್ ಇರಬೇಕು. ಅದರಲ್ಲಿ ಹಿಡಿಯುವುದು 4294967295ರವರೆಗೆ ಮಾತ್ರ. ಒಂದು ಹೆಚ್ಚಾದರೆ 0, ಎರಡು ಹೆಚ್ಚಾದರೆ 1. ಅನ್‌ಸೈನ್ಡ್ ಲಾಂಗ್ ಲಾಂಗ್ ಬಳಸಿ. ಉತ್ತರ ಇಡುವ ವೇರಿಯಬಲ್ ಒಂದನ್ನೇ ಬದಲಿಸಿದರೆ ಸಾಲದು, ಗುಣಾಕಾರ ನಡೆಯುವ ವೇರಿಯಬಲ್‌ಗಳೂ 64 ಬಿಟ್‌ನವೇ ಆಗಿರಬೇಕು.

ಈಗ 641. ನಮ್ಮ ಸಂಖ್ಯೆ 2³² + 1, ಅಂದರೆ 429 ಕೋಟಿ 49 ಲಕ್ಷ 67 ಸಾವಿರದ 297. ವರ್ಗಮೂಲ 65536ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಅಷ್ಟರೊಳಗೆ 6542 ಅವಿಭಾಜ್ಯಗಳಿವೆ. ಒಂದೊಂದರಿಂದಲೂ ಭಾಗಿಸುತ್ತ ಕೂತರೆ ತಿಂಗಳುಗಟ್ಟಲೆ ಕೆಲಸ. ಆಯ್ಲರ್ ಜರಡಿ ಹಿಡಿದರು.

p ಎಂಬ ಅವಿಭಾಜ್ಯ ಈ ಸಂಖ್ಯೆಯನ್ನು ಭಾಗಿಸಿದರೆ, 2³²ನ್ನು pಯಿಂದ ಭಾಗಿಸಿದಾಗ ಶೇಷ −1. ಅದರ ವರ್ಗ 2⁶⁴ಕ್ಕೆ ಶೇಷ 1. 2ರ ಘಾತಗಳಲ್ಲಿ ಶೇಷ 1 ಕೊಡುವ ಮೊದಲನೆಯದು ಇದೇ. 2ರ (p−1)ನೇ ಘಾತಕ್ಕೂ ಶೇಷ 1 ಎಂಬುದು ಫರ್ಮಾ ಅವರದೇ ಪ್ರಮೇಯ. ಶೇಷ 1 ಕೊಡುವ ಘಾತಾಂಕಗಳೆಲ್ಲ ಮೊದಲನೆಯದರ ಅಪವರ್ತ್ಯಗಳೇ, ಹಾಗಾಗಿ p−1 ಎಂಬುದು 64ರ ಅಪವರ್ತ್ಯ ಆಗಲೇಬೇಕು. 65, 129, 193, 257... ಹೀಗೆ ಬರೆಯುತ್ತ ಹೋಗಿ, ಅವಿಭಾಜ್ಯಗಳನ್ನಷ್ಟೇ ಉಳಿಸಿಕೊಂಡರೆ 193, 257, 449, 577, 641. ಐದನೆಯದಕ್ಕೇ ಗುರಿ ತಾಗಿತು! ಫರ್ಮಾ ಕೈಯಲ್ಲೇ ಇದ್ದ ಅಸ್ತ್ರ, ಆದರೂ 641 ಅವರಿಗೆ ಸಿಗಲಿಲ್ಲ.

ತಾಳೆ ನೋಡಲು ಹತ್ತಂಕಿಯ ಭಾಗಾಕಾರ ಬೇಡ. 2¹⁶ = 65536ರಿಂದ 641 × 102 = 65382 ಕಳೆದರೆ ಶೇಷ 154. 154ರ ವರ್ಗ 23716. ಅದರಿಂದ 641 × 36 = 23076 ಕಳೆದರೆ 640. ಇದು 2³²ರ ಶೇಷ. 1 ಕೂಡಿಸಿದರೆ 641, ಅಂದರೆ ನಿಶ್ಶೇಷ.

ಭಾಗಲಬ್ಧ 6700417. ಅದು ಅವಿಭಾಜ್ಯವೇ ಎಂದು ನೋಡಲು 1878ರಲ್ಲಿ ಫ್ರೆಂಚ್ ಗಣಿತಜ್ಞ ಲೂಕಾ ಕೊಟ್ಟ ಇನ್ನೂ ಬಿಗಿಯಾದ ನಿಯಮ ಹಿಡಿಯಿರಿ: p−1 ಎಂಬುದು 128ರ ಅಪವರ್ತ್ಯ. ವರ್ಗಮೂಲ ಸುಮಾರು 2588. 257 ತಾನೇ ಫರ್ಮಾ ಸಂಖ್ಯೆ (3, 5, 17, 257, 65537, 4294967297... ಈ ಸಾಲಿನದು), ಎರಡು ಫರ್ಮಾ ಸಂಖ್ಯೆಗಳಿಗೆ 1 ಬಿಟ್ಟು ಸಾಮಾನ್ಯ ಅಪವರ್ತನ ಇರುವುದಿಲ್ಲ, ಬಿಟ್ಟುಬಿಡಿ. ಉಳಿದದ್ದು 641, 769, 1153, 1409. ಶೇಷಗಳು ಕ್ರಮವಾಗಿ 44, 120, 334, 622. ನಾಲ್ಕೇ ಭಾಗಾಕಾರ, 6700417 ಅವಿಭಾಜ್ಯ.

ಪ್ರೋಗ್ರಾಂನಲ್ಲಿ ಪರೀಕ್ಷಿಸುವಾಗ ಒಂದು ಎಚ್ಚರ. 2ನ್ನು ಆಧಾರವಾಗಿಟ್ಟು 4294967297ಕ್ಕೆ ಫರ್ಮಾ ಪರೀಕ್ಷೆ ಮಾಡಿದರೆ (ಅಂದರೆ 2ರ 4294967296ನೇ ಘಾತವನ್ನು ಇದೇ ಸಂಖ್ಯೆಯಿಂದ ಭಾಗಿಸಿದರೆ) ಶೇಷ 1 ಬರುತ್ತದೆ, ಈ ಸಂಖ್ಯೆ ಅವಿಭಾಜ್ಯದ ವೇಷ ಹಾಕುತ್ತದೆ. 64 ಬಿಟ್‌ನಲ್ಲಿ ಅದೂ ಬರುವುದಿಲ್ಲ: 2ನ್ನು ಐದು ಬಾರಿ ವರ್ಗ ಮಾಡಿದಾಗ 2³², ಆರನೆಯ ಬಾರಿಗೆ 2⁶⁴ ಆಗಿ ತುಂಬಿ ಚೆಲ್ಲಿ 0 ಆಗುತ್ತದೆ, ಆಮೇಲೆ ಎಲ್ಲವೂ 0. ಬದಲಿಗೆ 3ರಿಂದ ಹೊರಟು, ಪ್ರತಿ ಸಲ 4294967297ರಿಂದ ಭಾಗಿಸಿ ಶೇಷ ತೆಗೆಯುತ್ತ 31 ಬಾರಿ ವರ್ಗ ಮಾಡಿ. ಕೊನೆಯಲ್ಲಿ 4294967296 ಬಂದರೆ ಮಾತ್ರ ಅವಿಭಾಜ್ಯ. ಬರುವುದಿಲ್ಲ.